ಕಾಫಿ ಸೋಸೋ ಚೀಲ ಅಲ್ಲ ಕಣ್ರೀ

ಮೂಡಿಗೆರೆ ಪೇಟೆಯಿಂದ ತೋಟಕ್ಕೆ ಸಾಮಾನು ತರುವ ಕೆಲಸ ಮೂವತ್ತು ವರ್ಷದಿಂದ ನನ್ನದೇ. ಮೈಲುತುತ್ತ, ಸುಣ್ಣ, ಕಳೆ ಮಿಷನ್ನಿನ ಬ್ಲೇಡು, ಇಲಿ ಪಾಷಾಣ, ಹಸುವಿನ ಉಣ್ಣೆಗೆ ಔಷಧಿ, ಒಮ್ಮೆ ಹಂದಿ ಓಡಿಸಲು ಒಂದು ಡಬ್ಬ ಪಟಾಕಿ. ಇಷ್ಟೊಂದು ವಿಷ, ಮದ್ದುಗುಂಡು ಒಬ್ಬ ಹೆಂಗಸಿಗೆ ಯಾಕೆ ಎಂದು ಯಾವ ಅಂಗಡಿಯವನೂ ಕೇಳಿದ್ದಿಲ್ಲ. ‘ಲೆಕ್ಕಕ್ಕೆ ಬರೀಲಾ ಮೇಡಂ?’ ಎನ್ನುತ್ತಾರೆ, ಅಷ್ಟೇ. ಅದೇ ಧೈರ್ಯದ ಮೇಲೆ ಕಳೆದ ತಿಂಗಳು ಒಂದು ಔಷಧಿ ಅಂಗಡಿಗೆ ಹೋಗಿ, ಎಂದಿನ ದನಿಯಲ್ಲೇ ಕೇಳಿದೆ: ‘ಹೆಂಗಸರ ಕಾಂಡೋಮ್ ಒಂದು ಪ್ಯಾಕೆಟ್ ಕೊಡಪ್ಪ.’

ಹುಡುಗ ನನ್ನ ಮುಖ ನೋಡಿದ. ಆಮೇಲೆ ನನ್ನ ನರೆಗೂದಲು ನೋಡಿದ. ಒಳಗೆ ಹೋಗಿ ಪೇಪರಿನಲ್ಲಿ ಸುತ್ತಿ, ಮೇಲೊಂದು ಕಪ್ಪು ಕವರು ಹಾಕಿದ ಪೊಟ್ಟಣ ತಂದಿಟ್ಟ. ಬಿಚ್ಚಿದರೆ ಮುಟ್ಟಿನ ಪ್ಯಾಡು. (2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಕಾಂಡೋಮಿಗೆ ತೆರಿಗೆ ಸೊನ್ನೆ, ಈ ಪ್ಯಾಡಿಗೆ ನೂರಕ್ಕೆ 12. ಅದನ್ನು ಇಳಿಸಲು ಮುಂದಿನ ಜುಲೈ ತನಕ ಹಿಡಿಯಿತು. ತಿಂಗಳು ತಿಂಗಳು ಬರುವುದು ಭೋಗ, ಬೇಕೆನಿಸಿದಾಗ ಮಾಡುವುದು ಅಗತ್ಯ ಎಂದು ಲೆಕ್ಕದವರು ಭಾವಿಸಿದ್ದಿರಬೇಕು.) ‘ಇದಲ್ಲಪ್ಪ’ ಎಂದೆ. ಹುಡುಗ ಮಾಲೀಕರನ್ನು ಕರೆದ. ಮಾಲೀಕರಿಗೆ ಕಿವಿ ಸ್ವಲ್ಪ ಮಂದ. ಎರಡನೇ ಸಲ ನಾನು ಹೇಳಿದ್ದು ಕೆ.ಎಂ. ರಸ್ತೆಯ ತನಕ ಕೇಳಿಸಿರಬೇಕು. ಸಿರಪ್ಪಿಗೆ ಬಂದು ನಿಂತಿದ್ದ ಒಬ್ಬರು ಕೆಮ್ಮುವುದನ್ನು ಅಲ್ಲಿಗೇ ನಿಲ್ಲಿಸಿದರು. ಆ ಅಂಗಡಿಯಲ್ಲಿ ಅಷ್ಟು ಬೇಗ ಕೆಲಸ ಮಾಡಿದ ಔಷಧಿ ಬೇರೊಂದು ಇರಲಾರದು.

‘ಹೆಂಗಸರಿಗೂ ಬೇರೆ ಬರ್ತದಾ ಮೇಡಂ?’

‘ಬರ್ತದೆ. ಡೆನ್ಮಾರ್ಕಿನ ಡಾಕ್ಟರೊಬ್ಬರು ಕಂಡುಹಿಡಿದದ್ದು. 1993ರಲ್ಲೇ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿದೆ.’

‘ಓ, ಫಾರಿನ್ ಐಟಮ್ಮು!’ ಮಾಲೀಕರಿಗೆ ನಿರಾಳವಾಯಿತು. ‘ಇಲ್ಲಿಗೆಲ್ಲಿ ಬರ್ತದೆ ಅದು.’

‘ಕೊಚ್ಚಿಯಲ್ಲೇ ತಯಾರಾಗಿತ್ತಲ್ಲ. ನಿರೋಧ್ ಮಾಡುವ ಹಿಂದೂಸ್ತಾನ್ ಲೇಟೆಕ್ಸ್‌ನವರೇ ಮಾಡಿದ್ದು. ವೆಲ್ವೆಟ್ ಅಂತ ಹೆಸರು.’

ಘಟ್ಟದ ಕೆಳಗಿನಿಂದ ಬೆಳಿಗ್ಗೆ ಹೊರಟ ಮೀನು ಮಧ್ಯಾಹ್ನಕ್ಕೆ ನಮ್ಮೂರ ಸಂತೆಗೆ ಬಂದು ಬೀಳುತ್ತದೆ. ಇದು ಕೊಚ್ಚಿ ಬಿಟ್ಟು ಹತ್ತಿಪ್ಪತ್ತು ವರ್ಷವಾದರೂ ಚಾರ್ಮಾಡಿ ಹತ್ತಿಲ್ಲ. ಮಾಲೀಕರು ಬರಿಗೈಲಿ ಕಳಿಸಲು ಮನಸ್ಸಾಗದೆ ಗಂಡಸರದ್ದನ್ನು ಸಾಲಾಗಿ ಜೋಡಿಸಿದರು. ಸ್ಟ್ರಾಬೆರಿ, ಚಾಕಲೇಟು, ಬಾಳೆಹಣ್ಣು. ‘ಕಾಫಿ ಫ್ಲೇವರೂ ಉಂಟು ಮೇಡಂ.’ ರೇಟು ಬಿದ್ದ ವರ್ಷ ಬೆಳೆಗಾರನಿಗೆ ದಕ್ಕದ ಕಾಫಿಯ ಬೆಲೆ ಯಾರಿಗೆ ಹೋಗುತ್ತದೆ ಎಂಬ ನನ್ನ ಬಹುಕಾಲದ ಅನುಮಾನ ಅವತ್ತು ಬಗೆಹರಿಯಿತು.

ಕಳಸದಲ್ಲಿ ಇನ್ನೊಂದು ಅಂಗಡಿ. ಅವರು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ‘ಅಮ್ಮಾ, ಅದು ಬಂದಿಲ್ಲ, ಡೋಲೋ ಕೊಡ್ಲಾ?’ ಎಂದರು. ಚಿಕ್ಕಮಗಳೂರಿನ ದೊಡ್ಡ ಅಂಗಡಿಯಲ್ಲಿ ಕಂಪ್ಯೂಟರ್ ಇದೆ. ಹುಡುಗಿ ಟೈಪು ಮಾಡಿದಳು. ಕಂಪ್ಯೂಟರಿಗೂ ನಾಚಿಕೆಯಾಯಿತೋ ಏನೋ, ಹ್ಯಾಂಗ್ ಆಯಿತು.

ಮಲೆನಾಡಿನವರು ಮಡಿವಂತರು, ಅದಕ್ಕೇ ಹೀಗೆ ಎನ್ನಬೇಡಿ. 1968ರಲ್ಲಿ ಸರ್ಕಾರ ನಿರೋಧ್ ಮಾರಲು ಹೊರಟಾಗ ಅದನ್ನು ಹಳ್ಳಿಹಳ್ಳಿಗೆ ಒಯ್ದ ಕಂಪನಿಗಳಲ್ಲಿ ಬ್ರೂಕ್ ಬಾಂಡ್, ಲಿಪ್ಟನ್ ಎರಡೂ ಇದ್ದವು. ಹದಿನೈದು ಪೈಸೆಗೆ ಮೂರು. ಟೀಪುಡಿ ಹೊತ್ತ ವ್ಯಾನು ಅದನ್ನೂ ಹೊತ್ತಿತು. ಟೀಪುಡಿ ಇಳಿಸಿಕೊಂಡ ಶೆಟ್ಟರು ಅದನ್ನೂ ಇಳಿಸಿಕೊಂಡರು. ಹೆಸರು ಮೊದಲು ‘ಕಾಮರಾಜ್’ ಎಂದೇ ಇಡಬೇಕೆಂದಿದ್ದರಂತೆ. ಕಾಂಗ್ರೆಸ್ ಅಧ್ಯಕ್ಷರ ಹೆಸರೂ ಅದೇ ಎಂದು ಯಾರಿಗೋ ಆಮೇಲೆ ಹೊಳೆಯಿತಂತೆ. ಗಂಡಸಿನ ಸಾಮಾನಿಗೆ ಅಷ್ಟು ದೊಡ್ಡ ತಲೆಗಳು ಕೂತು ಹೆಸರು ಹುಡುಕಿದವು, ಟೀ ಕಂಪನಿಗಳು ಟೊಂಕ ಕಟ್ಟಿದವು. ಹೆಂಗಸಿನದಕ್ಕೆ ಒಂದು ಕಾಫಿಪುಡಿ ಅಂಗಡಿಯೂ ಮುಂದೆ ಬರಲಿಲ್ಲ.

ಕೊನೆಗೆ ನನಗೆ ಒಂದು ಸಿಕ್ಕಿದ್ದು ಹಳೆಯ ಗೆಳತಿಯಿಂದ. ಬೇರೆ ಜಿಲ್ಲೆಯಲ್ಲಿ ಆಪ್ತ ಸಮಾಲೋಚಕಿಯಾಗಿದ್ದವಳು. ಯಾವುದೋ ತರಬೇತಿಯಲ್ಲಿ ಕೊಟ್ಟ ಮಾದರಿಯನ್ನು ಇಟ್ಟುಕೊಂಡಿದ್ದಳು. ‘ಡೇಟ್ ಬಾರ್ ಆಗಿದೆ ಮಾರಾಯ್ತಿ, ನೋಡೋಕೆ ಮಾತ್ರ’ ಎಂದು ತಾಕೀತು ಮಾಡಿ ಕಳಿಸಿದಳು. ಅಡಿಗೆಮನೆ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟು ನೋಡುತ್ತಿದ್ದೆ. ಮುಕ್ಕಾಲು ಗೇಣು ಉದ್ದದ, ತೆಳ್ಳಗಿನ, ಜಾರುಜಾರು ಚೀಲ. ಬಾಯಿಗೆ ಮೆತ್ತನೆಯದೊಂದು ಬಳೆ ಅಂಟಿಕೊಂಡಿದೆ. ಒಳಗೆ, ಮುಚ್ಚಿದ ತುದಿಯಲ್ಲಿ, ಇನ್ನೊಂದು ಚಿಕ್ಕ ಬಳೆ ಬಿಡಿಯಾಗಿ ಓಡಾಡುತ್ತಿದೆ. ಅಷ್ಟರಲ್ಲಿ ಮೇಸ್ತ್ರಿ ಹೆಂಡತಿ ಹಾಲು ತೆಗೆದುಕೊಂಡು ಹಿಂಬಾಗಿಲಿಂದ ಬಂದಳು.

‘ಅಮ್ಮಾ, ಹೊಸಾ ಸೋಸೋ ಚೀಲವಾ?’

ನಿಜವಾಗಿಯೂ ಹಾಗೇ ಇತ್ತು! ಸ್ಟೀಲ್ ಫಿಲ್ಟರು ಬರುವ ಮುಂಚೆ ಪ್ರತಿ ಮನೆಯಲ್ಲೂ ಗೂಟಕ್ಕೆ ನೇತಾಡುತ್ತಿದ್ದ, ತಂತಿ ಬಳೆಗೆ ಬಟ್ಟೆ ಹೊಲಿದ, ಕಾಫಿ ಕುಡಿದೂ ಕುಡಿದೂ ಕಂದಾಗಿದ್ದ ಚೀಲ. ಅವಳು ಬೆರಳಿನಿಂದ ಎತ್ತಿ, ಬೆಳಕಿಗೆ ಹಿಡಿದು ನೋಡಿದಳು. ‘ಬಟ್ಟೆದೇ ಒಳ್ಳೇದಿತ್ತು. ಇದರಲ್ಲಿ ಕಾಫಿ ಇಳಿಯೋದೆಲ್ಲಿ, ತೂತೇ ಇಲ್ವಲ್ಲ!’

‘ತೂತು ಇಲ್ಲದೆ ಇರೋದೇ ಇದರ ಹೆಚ್ಚುಗಾರಿಕೆ’ ಎಂದು ಬಾಗಿಲು ಹಾಕಿ ಕೂರಿಸಿ ಹೇಳಿದೆ. ಒಳಬಳೆಯನ್ನು ಎರಡು ಬೆರಳಲ್ಲಿ ಒತ್ತಿದರೆ ಇಂಗ್ಲಿಷಿನ ಎಂಟರ ಆಕಾರ. ಹಾಗೆ ಒತ್ತಿ ಒಳಗೆ ಸೇರಿಸಿದರೆ ಮೇಲೆ ಹೋಗಿ ತಾನಾಗಿ ಬಿಚ್ಚಿಕೊಂಡು ಕೂರುತ್ತದೆ. ಹೊರಬಳೆ ಹೊರಗೇ ಉಳಿಯುತ್ತದೆ. ಮಿಲನಕ್ಕೆ ಎಂಟು ಗಂಟೆ ಮೊದಲೇ ಹಾಕಿಕೊಂಡು ಕಾಳುಮೆಣಸು ಬಿಡಿಸುತ್ತಾ ಕೂರಬಹುದು. ಬಾರಿನಿಂದ ಬಂದು ಬೀಗದ ತೂತು ಹುಡುಕಲಾರದವನ ಕೈಗೆ ಪ್ಯಾಕೆಟ್ ಕೊಟ್ಟು ಒಡೆಸಿ, ಹಾಕಿಸಿ, ಅಷ್ಟರ ಮೇಲೆ ನಂಬಿ ಮಲಗುವ ಕಷ್ಟವಿಲ್ಲ. ಗಂಡಸರ ರಬ್ಬರಿನದ್ದಕ್ಕೆ ಕೊಬ್ಬರಿ ಎಣ್ಣೆ ತಾಗಿದರೆ ಮುಗಿಯಿತು. ಇದು ಡಾಕ್ಟರರ ನೀಲಿ ಕೈಗವಸಿನ ಜಾತಿಯ ನೈಟ್ರೈಲ್, ಎಣ್ಣೆಗೆ ಜಗ್ಗುವುದಿಲ್ಲ. ಒಮ್ಮೆ ಬಳಸಿ ಎಸೆಯಬೇಕು. ಗಂಡಸರದೂ ಇದೂ ಎರಡೂ ಒಟ್ಟಿಗೆ ಹಾಕಿದರೆ ಡಬಲ್ ಭದ್ರ ಎಂದು ಲೆಕ್ಕ ಹಾಕಬಾರದು, ತಿಕ್ಕಾಡಿ ಹರಿಯುತ್ತವೆ. ಸರಿಯಾಗಿ ಹಾಕಿಕೊಂಡರೆ ಎಚ್‌ಐವಿಯೂ ಬರುವ, ಬಸಿರೂ ನಿಲ್ಲುವ ಅಪಾಯ ಬಹಳ ಕಡಿಮೆ.

ಅವಳ ಮೊದಲ ಪ್ರಶ್ನೆ ನಾನು ಎಣಿಸದ್ದು. ‘ಸದ್ದು ಬರ್ತದಾ ಅಮ್ಮಾ?’

ಕೂಲಿ ಲೈನು ನೋಡದವರಿಗೆ ಈ ಪ್ರಶ್ನೆ ಅರ್ಥವಾಗದು. ಆರು ಮನೆಗೆ ಒಂದೇ ಹೆಂಚಿನ ಮಾಡು. ನಡುವಿನ ಗೋಡೆ ಮಾಡಿನ ತನಕ ಹೋಗಿರುವುದಿಲ್ಲ. ಮೊದಲ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆರನೇ ಮನೆಯ ಮಗು ಸೀನುತ್ತದೆ. ಹಳೆಯ ಮಾದರಿ ಪಾಲಿಯುರಿಥೇನಿನದು, ಚರಚರ ಎನ್ನುತ್ತಿತ್ತು. ಸೆನೆಗಲ್ಲಿನ ಹೆಂಗಸರು ಸೊಂಟಕ್ಕೆ ಮಣಿಸರ ಕಟ್ಟಿಕೊಳ್ಳುತ್ತಾರೆ, ಅದರ ಕಿಣಿಕಿಣಿ ಅಲ್ಲಿ ಸರಸದ ಸದ್ದು. ಈ ಚರಚರವನ್ನೂ ಅವರು ಆ ಲೆಕ್ಕಕ್ಕೇ ಸೇರಿಸಿಕೊಂಡು ಸುಧಾರಿಸಿದರು. ನಮ್ಮ ಲೈನಿನಲ್ಲಿ ಸರಸಕ್ಕೆ ಸದ್ದಿನ ಸವಲತ್ತು ಇಲ್ಲ. ಅದಕ್ಕೇ ಹೇಳಿದೆ: ‘ಈಗಿನದು ನೈಟ್ರೈಲ್, ಸದ್ದಿಲ್ಲ.’

ಜಿಂಬಾಬ್ವೆಯ ಕತೆಯನ್ನೂ ಹೇಳಿದೆ. 1990ರ ದಶಕದಲ್ಲಿ ಅಲ್ಲಿನ ಹೆಂಗಸರು ಮೂವತ್ತು ಸಾವಿರ ಸಹಿ ಹಾಕಿ, ನಮಗೆ ಇದು ಬೇಕು ಎಂದು ಸರ್ಕಾರದ ಮುಂದಿಟ್ಟರು, ಸರ್ಕಾರ ತರಿಸಿತು. ಆಮೇಲೆ ಅದರ ಹೊರಬಳೆ ಕಿತ್ತು, ಬಣ್ಣ ಹಚ್ಚಿ, ಕೈಬಳೆ ಮಾಡಿ ಮಾರಿದರು ಎಂಬುದೂ ಸುದ್ದಿಯಾಯಿತು. ಮೇಸ್ತ್ರಿ ಹೆಂಡತಿ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ನಮ್ಮ ಕಡೆ ಗಂಡಸರು ಜಗಳಕ್ಕೆ ನಿಂತರೆ ‘ನಾನೇನು ಕೈಗೆ ಬಳೆ ತೊಟ್ಟಿಲ್ಲ’ ಎನ್ನುತ್ತಾರಲ್ಲ. ಬಳೆ ಎಂದರೆ ಕೈಲಾಗದವರ ಗುರುತು ಎಂದು ಕಲಿಸಿದವರಿಗೆ ಈ ಬಳೆಯ ಮೇಲೆ ಅನುಮಾನ ಬಂದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಈಗ ಕೊರಕದ ವಿಷಯಕ್ಕೆ ಬರುತ್ತೇನೆ. ತೋಟದವಳಾಗಿ ಇಷ್ಟು ಹೊತ್ತು ಕೊರಕದ ಮಾತೆತ್ತದೆ ಇದ್ದದ್ದೇ ಹೆಚ್ಚು.

ಎಚ್‌ಐವಿ ಈ ದೇಶದಲ್ಲಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲಮನ್ ತಂಡದವರ ಪರೀಕ್ಷೆಯಲ್ಲಿ. ಕಾಫಿ ಕಾಯಿಕೊರಕ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಹೆಚ್ಚುಕಡಿಮೆ ಒಂದೇ ಕಾಲದ ಎರಡು ಅತಿಥಿಗಳು. ಕೊರಕ ಬಂತು ಎಂದದ್ದೇ ತಡ, ಕಾಫಿ ಬೋರ್ಡಿನ ಜೀಪು ಬಂತು, ಸಭೆ ನಡೆಯಿತು, ಕರಪತ್ರ ಹಂಚಿದರು. ಕೊಯ್ಲಿನಲ್ಲಿ ನೆಲಕ್ಕೆ ಟಾರ್ಪಾಲು ಹಾಸಿ, ಉದುರುಕಾಯಿ ಒಂದೂ ಬಿಡದೆ ಆರಿಸಿ, ಕುದಿನೀರಿಗೆ ಅದ್ದಿ ಎಂದರು. ಆಮೇಲೆ ಬ್ರೋಕಾ ಬಲೆ ಬಂತು. ಕೆಂಪು ಬುಡ್ಡಿ, ಒಳಗೆ ಸಣ್ಣ ಶೀಶೆಯಲ್ಲಿ ಮದ್ಯಸಾರ. ಕೊರಕ ಆ ವಾಸನೆಗೆ ಮರುಳಾಗಿ ಬಂದು ಬೀಳುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಪೇಟೆಯ ಕೆಲವರಿಗೂ ಅದಕ್ಕೂ ಏನೂ ವ್ಯತ್ಯಾಸ ಕಾಣೆ. ಕಾಯಿ ಕೊರೆಯುವುದು ಹೆಣ್ಣು ಹುಳವೇ, ಗಂಡಿಗೆ ಹಾರಲೂ ಬಾರದು. ಇದನ್ನು ನಮ್ಮ ಮನೆಯವರು ಓದಿ, ಪೇಪರು ಮಡಿಚಿಟ್ಟು, ‘ನೋಡು, ಅಲ್ಲೂ ಹೆಣ್ಣೇ’ ಎಂದಿದ್ದರು.

ಇಷ್ಟೆಲ್ಲ ನಡೆದ ಈ ಮೂವತ್ತೈದು ವರ್ಷದಲ್ಲಿ ಯಾವ ಪ್ಲಾಂಟರನ ಬಾಯಲ್ಲೂ ‘ಆ ಗಿಡದ ನಡತೆ ಸರಿಯಿಲ್ಲ’ ಎಂಬ ಮಾತು ನಾನು ಕೇಳಿಲ್ಲ. ಮಳೆಗಾಲಕ್ಕೆ ಮುಂಚೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವಾಗ ‘ನಮ್ಮದು ಮರ್ಯಾದಸ್ಥ ತೋಟ, ಎಲೆತುಕ್ಕು ನಮ್ಮಲ್ಲಿಗೆ ಬರಲ್ಲ’ ಎಂದು ಯಾರೂ ಮೈಲುತುತ್ತ ವಾಪಸು ಕಳಿಸಿದ್ದಿಲ್ಲ. ರೋಗ ಬರುವ ಮುಂಚೆ ತಡೆಯಬೇಕು, ಗಿಡಕ್ಕೇ ರಕ್ಷೆ ಕೊಡಬೇಕು, ತುಕ್ಕಿನ ಒಪ್ಪಿಗೆ ಕೇಳುತ್ತ ಕೂರಬಾರದು. ಈ ಜ್ಞಾನ ನಮ್ಮ ಗಂಡಸರಿಗೆ ರಕ್ತಗತ. ಗೇಟು ದಾಟಿ ಮನೆಯೊಳಗೆ ಬಂದ ಕೂಡಲೇ ಮರೆತುಹೋಗುತ್ತದೆ, ಬೂಟಿನ ಜೊತೆ ಅದನ್ನೂ ಜಗಲಿಯಲ್ಲೇ ಬಿಟ್ಟು ಬರುತ್ತಾರೋ ಏನೋ.

ಮನೆಯೊಳಗಿನ ಶಾಸ್ತ್ರ ಬೇರೆ. ಬಸುರಿ ತಾಯಿಕಾರ್ಡ್ ಮಾಡಿಸಲು ಹೋದಾಗ ರಕ್ತ ಪರೀಕ್ಷೆಯಾಗುತ್ತದೆ. ಗಂಡನಿಗೆ ಬಸಿರಿಲ್ಲ, ಹಾಗಾಗಿ ಅವನಿಗೆ ಪರೀಕ್ಷೆಯೂ ಇಲ್ಲ. ಅವಳ ರಿಪೋರ್ಟು ಮೊದಲು ಬರುತ್ತದೆ. ಮನೆಯಲ್ಲಿ ಮೊದಲು ಗೊತ್ತಾದವಳೇ ಮೊದಲು ತಂದವಳು. ತವರಿನ ಬಸ್ಸು ಹತ್ತಿಸಲು ಅಷ್ಟು ಸಾಕ್ಷಿ ಸಾಕು. ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು 25 ಲಕ್ಷದಷ್ಟು ಎಂದು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ನಾವು ಹೇಳುವ ನ್ಯಾಕೋ, ಅಂದಾಜು ಮಾಡುತ್ತದೆ. ಅವರಲ್ಲಿ ನೂರಕ್ಕೆ 44ರಷ್ಟು ಹೆಂಗಸರು. ಇವರಲ್ಲಿ ಬಹಳಷ್ಟು ಮಂದಿ ಮಾಡಿದ ಏಕೈಕ ಅಪಾಯಕರ ಕೆಲಸ ಮದುವೆ.

ನ್ಯಾಕೋದವರು ಈ ಹೆಂಗಸರ ಕಾಂಡೋಮನ್ನು ತರಲಿಲ್ಲವೆಂದಲ್ಲ, ತಂದರು. ಕೆಲವು ರಾಜ್ಯಗಳಲ್ಲಿ ಹಂಚಿಯೂ ಹಂಚಿದರು. ಯಾರಿಗೆ? ಲೈಂಗಿಕ ವೃತ್ತಿಯಲ್ಲಿರುವವರಿಗೆ. ಅದು ಸರಿಯೇ. ಗಿರಾಕಿ ‘ಹಾಕಲ್ಲ’ ಎಂದರೆ ‘ಬೇಡ ಬಿಡಿ, ನಾನೇ ಹಾಕಿಕೊಂಡಿದ್ದೀನಿ’ ಎನ್ನುವ ಬಲ ಅವರಿಗೆ ಬೇಕಿತ್ತು. ಆದರೆ ಗಿರಾಕಿ ಅಲ್ಲಿಂದೆದ್ದು ಮನೆಗೆ ಹೋಗುತ್ತಾನಲ್ಲ? ಅಲ್ಲಿರುವವಳು ಯಾವ ಪಟ್ಟಿಯಲ್ಲೂ ಇಲ್ಲ. ಇಲಾಖೆಯ ಭಾಷೆಯಲ್ಲಿ ಲಾರಿಯವರು, ವಲಸೆ ಕೂಲಿಗಳು ‘ಸೇತುವೆ’. ಅಪಾಯ ಈ ದಡದಿಂದ ಆ ದಡಕ್ಕೆ ಅವರ ಮೇಲೆ ದಾಟುತ್ತದೆಯಂತೆ. ನಮ್ಮ ಹೆಬ್ಬಾಳೆ ಸೇತುವೆ ಭದ್ರೆ ಉಕ್ಕಿದಾಗ ಮುಳುಗಿ ಪೇಪರಿನಲ್ಲಿ ಬರುವಂಥದ್ದು. ಈ ಸೇತುವೆಗೆ ಮಳೆಗಾಲವೇ ಇಲ್ಲ. ಇನ್ನೊಂದು ವಿಶೇಷ ನೋಡಿ. ಕೊಟ್ಟಿಗೆಹಾರದಲ್ಲಿ ಲಾರಿ ನಿಲ್ಲಿಸಿ ನೀರುದೋಸೆ ತಿನ್ನುವವನು ಸೇತುವೆ. ಪಕ್ಕದಲ್ಲೇ ಜೀಪು ನಿಲ್ಲಿಸಿ ಅದೇ ದೋಸೆ ತಿಂದು ಬೆಂಗಳೂರಿಗೆ ‘ಬ್ಯಾಂಕಿನ ಕೆಲಸಕ್ಕೆ’ ಹೋಗುವವನು ಸಭ್ಯ ಗೃಹಸ್ಥ. ಕ್ಲಬ್ಬಿನಲ್ಲಿ ಈ ಮಾತೆತ್ತಿದರೆ ಒಬ್ಬರು, ‘ಅದೆಲ್ಲ ಅಸ್ಸಾಮಿನವರು ಬಂದ ಮೇಲೆ ಶುರುವಾದದ್ದು’ ಎಂದರು. ಅಸ್ಸಾಮಿನ ಹುಡುಗರಿಲ್ಲದೆ ಅವರ ರೋಬಸ್ಟಾ ಗಿಡದಲ್ಲೇ ಒಣಗುತ್ತದೆ. ಬುಟ್ಟಿ ಹೊರಲು ಬೇಕು, ಗೂಬೆ ಕೂರಿಸಲೂ ಬೇಕು.

ಅಂಕಿಅಂಶ ಇಷ್ಟಪಡುವವರಿಗೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಒಳ್ಳೆಯ ಹಾಸ್ಯ ಪುಸ್ತಕ. ಸಂತಾನ ತಡೆಯುವ ತಾಪತ್ರಯವೆಲ್ಲ ಹೆಂಗಸಿನದು, ಗಂಡಸು ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂದವರು ನೂರಕ್ಕೆ 35 ಗಂಡಸರು. ಗರ್ಭನಿರೋಧಕ ಬಳಸುವ ಹೆಂಗಸು ದಾರಿ ತಪ್ಪಬಹುದು ಎಂದವರು 20ರಷ್ಟು. ಅಂದರೆ ಅವಳೇ ನೋಡಿಕೊಳ್ಳಬೇಕು, ನೋಡಿಕೊಂಡರೆ ಕೆಟ್ಟವಳು. ಅದೇ ಸಮೀಕ್ಷೆಯ ಪ್ರಕಾರ ಹೆಂಗಸರ ಆಪರೇಷನ್ ನೂರಕ್ಕೆ 37.9, ಗಂಡಸರದು 0.3. ಆಪರೇಷನ್ ಬಸಿರನ್ನು ತಡೆಯುತ್ತದೆ, ವೈರಸ್ಸನ್ನು ಅಲ್ಲ. ಆದರೆ ಆಪರೇಷನ್ ಆದ ಮನೆಯಲ್ಲಿ ಮತ್ತೆ ‘ಅದನ್ನು’ ತಂದಿಟ್ಟರೆ ಮೊದಲ ಪ್ರಶ್ನೆಯೇ ‘ಯಾಕೆ?’

ಡಿಸೆಂಬರ್ 1ರ ಏಡ್ಸ್ ದಿನದ ಸಮಾರಂಭಗಳಿಗೂ ಹೋಗಿ ಬಂದಿದ್ದೇನೆ. ಜಾಥಾ, ಕೆಂಪು ರಿಬ್ಬನ್ನು, ಚುರುಮುರಿ, ಬಾಳೆಹಣ್ಣು. ಕಳೆದ ಸಲ ಮುಖ್ಯ ಅತಿಥಿಗಳು ಇಪ್ಪತ್ತು ನಿಮಿಷ ಮಾತನಾಡಿದರು. ‘ಸುರಕ್ಷಿತ ವಿಧಾನ’, ‘ಸೂಕ್ತ ಕ್ರಮ’, ‘ಅಂಥ ಸಾಧನ’ ಎಲ್ಲ ಬಂತು, ಕಾಂಡೋಮ್ ಎಂಬ ಮೂರಕ್ಷರ ಮಾತ್ರ ಬಾಯಿಂದ ಉದುರಲಿಲ್ಲ. ತಿನ್ನುತ್ತಿದ್ದ ಬಾಳೆಹಣ್ಣನ್ನೇ ಎತ್ತಿ ತೋರಿಸಿ ವಿವರಿಸಬಹುದಿತ್ತು, ಅವರು ಅದನ್ನು ತಿಂದು ಮುಗಿಸಿದರು. ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದು 2007ರಲ್ಲಿ ತೀರ್ಮಾನಿಸಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಕಾಂಡೋಮ್ ಜಾಹೀರಾತು ಟಿವಿಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಮಾತ್ರ ಬರಲಿ ಎಂದು ಕೇಂದ್ರದ ವಾರ್ತಾ ಇಲಾಖೆ ಹೇಳಿದ್ದು 2017ರ ಡಿಸೆಂಬರಿನಲ್ಲಿ, ಏಡ್ಸ್ ದಿನದ ಭಾಷಣದ ಸದ್ದು ಆರುವ ಮುಂಚೆ. ಕೊಯ್ಲಿನ ಕಾಲದಲ್ಲಿ ಲೈನಿನವರು ಎಂಟೂವರೆಗೆ ಮಲಗಿ ಐದಕ್ಕೆ ಏಳುತ್ತಾರೆ. ಹತ್ತರ ಮೇಲೆ ಎಚ್ಚರವಿದ್ದು ಟಿವಿ ನೋಡುವವರು ನಾವು, ಐವತ್ತು ದಾಟಿದ ಮಾಲೀಕರು. ಬೇಕಾದವರು ಮಲಗಿದ ಮೇಲೆ ಬೇಡವಾದವರಿಗೆ ಪಾಠ.

ಮೇಸ್ತ್ರಿ ಹೆಂಡತಿಯ ಎರಡನೇ ಪ್ರಶ್ನೆಗೆ ನನ್ನಲ್ಲಿ ಸಲೀಸಾದ ಉತ್ತರವಿರಲಿಲ್ಲ. ‘ಅವರಿಗೆ ಗೊತ್ತಾಗಲ್ವಾ?’

ಗೊತ್ತಾಗುತ್ತದೆ. ಹೊರಬಳೆ ಹೊರಗೇ ಇರುತ್ತದೆ, ಕೈಗೆ ಸಿಗುತ್ತದೆ. ಕದ್ದು ಮಾಡುವ ಕೆಲಸವಲ್ಲ ಇದು. ಬೆಲೆಯೂ ಗಂಡಸರದ್ದರ ಹಲವು ಪಟ್ಟು. ಮೊದಲ ಎರಡು ಮೂರು ಸಲ ಕೈಯಿಂದ ಜಾರಿ ಅಡಿಗೆಮನೆ ತನಕ ಹೋಗುತ್ತದೆ ಎಂದು ನನ್ನ ಗೆಳತಿಯೇ ಹೇಳಿದ್ದಳು. ಇದನ್ನೆಲ್ಲ ಮುಚ್ಚಿಡದೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಒಳಬಳೆಯನ್ನು ಒತ್ತಿ ಎಂಟು ಮಾಡಿ, ಬಿಟ್ಟು ಸೊನ್ನೆ ಮಾಡಿ, ಮತ್ತೆ ಒತ್ತಿದಳು. ಆಮೇಲೆ ಹೇಳಿದಳು: ‘ಗರ್ಭಕೋಶಕ್ಕೆ ಡಾಕ್ಟ್ರಮ್ಮ ಕೊಟ್ಟಿದ್ದು ಅಂದ್ರೆ ಆಯ್ತು. ಡಾಕ್ಟ್ರು ನನ್ನ ಹೊಟ್ಟೆಗೆ ಏನು ಹಾಕಿದ್ರೂ ಅವರು ಕೇಳಲ್ಲ. ಅವರಿಗೆ ಹಾಕಬಾರದು, ಅಷ್ಟೇ.’

ನ್ಯಾಕೋದವರು ಕೂತು ಯೋಚಿಸಿದ್ದರೂ ಇಂಥ ಪ್ರಚಾರ ತಂತ್ರ ಹೊಳೆಯುತ್ತಿರಲಿಲ್ಲ. ‘ಒಂದು ಹತ್ತು ತರಿಸಿಕೊಡಿ ಅಮ್ಮಾ, ಲೈನಲ್ಲಿ ಬೇರೆಯವರಿಗೂ ಬೇಕಾಗ್ತದೆ’ ಎಂದು ಹಾಲಿನ ತಂಬಿಗೆ ತೊಳೆದಿಟ್ಟು ಹೋದಳು.

ಹಾಗಾಗಿ ಮತ್ತೆ ಮೂಡಿಗೆರೆಗೆ ಹೋದೆ. ಮೊದಲಿನ ಅಂಗಡಿಗೇ. ಮಾಲೀಕರು ನನ್ನನ್ನು ಮರೆತಿರಲಿಲ್ಲ, ಮರೆಯುವುದು ಹೇಗೆ? ಒಳಗೆ ಕರೆದು ಕೂರಿಸಿದರು, ಫ್ಯಾನು ಹಾಕಿದರು. ಮಂಗಳೂರಿನ ಹೋಲ್‌ಸೇಲಿನವರನ್ನು ವಿಚಾರಿಸಿದ್ದಾರಂತೆ, ಕಷ್ಟಪಟ್ಟರೆ ತರಿಸಬಹುದಂತೆ.

‘ತರಿಸಿ ಮತ್ತೆ. ಹತ್ತು ಪ್ಯಾಕೆಟ್. ದುಡ್ಡು ಈಗಲೇ ಕೊಡ್ತೀನಿ.’

‘ದುಡ್ಡಿಗೇನು ಮೇಡಂ, ನೀವೆಲ್ಲಿ ಓಡಿ ಹೋಗ್ತೀರಿ.’ ಮಾಲೀಕರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ‘ಒಂದೇ ಒಂದು ವಿಷಯ. ಯಜಮಾನ್ರಿಂದ ಒಂದು ಫೋನ್ ಮಾಡಿಸಿಬಿಡಿ. ಆರ್ಡರ್ ಹಾಕಿಬಿಡ್ತೀನಿ.’

ಹೊರಗೆ ಗೊಬ್ಬರದ ಅಂಗಡಿಯ ಹುಡುಗ ಎರಡು ಚೀಲ ಮೈಲುತುತ್ತ ನಮ್ಮ ಜೀಪಿಗೆ ಹಾಕಿ, ಬಿಲ್ಲು ಹಿಡಿದು ನಿಂತಿದ್ದ. ‘ಬನ್ನಿ ಅಮ್ಮಾ,’ ಎಂದ, ‘ಸಹಿ ನಿಮ್ಮದೇ ಸಾಕು.’